ನಮ್ಮ ತಲೆ ಮೇಲಿರುವ 60 ಲಕ್ಷ ಲೀಟರ್ ನೀರಿನ ಬಗ್ಗೆ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ವಿಪತ್ತು ನಿರ್ವಹಣೆ ನೋಡಿಕೊಳ್ಳುವ ದೊಡ್ಡವರಿಗೆ, ನಮ್ಮ ಪಂಚಾಯತಿನ ಮೆಂಬರುಗಳಿಗೆ, ಮತ್ತೆ ಮೇಲಿನ ಎಸ್ಟೇಟಿನ ಧನಿಗಳಿಗೂ ಒಂದು ಕಾಪಿ,

ನಮಸ್ಕಾರ. ನಾನು ಅಡಿಕೆ ತೋಟ ಮಾಡಿಕೊಂಡು ಇರುವವ, ಪತ್ರ ಗಿತ್ರ ಬರೆದು ಅಭ್ಯಾಸ ಇಲ್ಲ. ಆದ್ರೆ ಹೋದ ಆಟಿ (ಜುಲೈ-ಆಗಸ್ಟ್) ತಿಂಗಳಿಂದ ನಮ್ಮ ಅಡಿಗೆಮನೆ ಕಿಟಕಿಯಲ್ಲಿ ನಾಲ್ಕು ಹಾರ್ಲಿಕ್ಸ್ ಬಾಟ್ಲಿ ಸಾಲಾಗಿ ಕೂತಿವೆ, ಅದನ್ನ ನೋಡಿ ನೋಡಿ ಸಾಕಾಗಿ ಬರೀತಾ ಇದ್ದೇನೆ. ಊರಿನ ಹೆಸರು, ಧನಿಗಳ ಹೆಸರು ಇಲ್ಲಿ ಹಾಕುವುದಿಲ್ಲ, ಕೊಟ್ಟ ಅರ್ಜಿಯಲ್ಲಿ ಎಲ್ಲ ಉಂಟು. ಅದೂ ಅಲ್ಲದೆ ಇದು ನಮ್ಮ ಒಂದು ಬೈಲಿನ ಕಥೆ ಅಂತ ನನಗೆ ಅನ್ನಿಸುವುದಿಲ್ಲ, ಈ ಕಡೆ ಗುಡ್ಡೆ ಹತ್ತಿದ್ರೆ ರಬ್ಬರಿನ ಎಡೆಯಲ್ಲಿ ಇಂಥದ್ದು ಇನ್ನೂ ಕಾಣ್ತದೆ.

ವಿಷಯ ಇಷ್ಟು. ನಮ್ಮ ಬೈಲಿನ ನೆತ್ತಿಯಲ್ಲಿ, ಎರಡು ಗುಡ್ಡೆ ಸೇರುವ ಇಕ್ಕಟ್ಟಿನಲ್ಲಿ, ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಒಂದು ಮಣ್ಣಿನ ದಂಡೆ ಹಾಕಿ ನೀರು ನಿಲ್ಲಿಸಿದ್ದಾರೆ. ನಾವು ಡ್ಯಾಮ್ ಅಂತೇವೆ, ಎಸ್ಟೇಟಿನವರು ಕೆರೆ ಅಂತಾರೆ, ಹೆಸರಲ್ಲಿ ಎಂತ ಉಂಟು. ದಂಡೆಯ ಎತ್ತರ ಬುಡದಿಂದ 27 ಅಡಿ, ನಾನೇ ಬಾವನನ್ನು ಮೇಲೆ ನಿಲ್ಲಿಸಿ ಹಗ್ಗಕ್ಕೆ ಕಲ್ಲು ಕಟ್ಟಿ ಅಳತೆ ಮಾಡಿದ್ದು. ನೀರು ತುಂಬಿದಾಗ ಹೆಚ್ಚುಕಮ್ಮಿ ಅರ್ಧ ಎಕರೆ ಜಾಗ, ಸರಾಸರಿ ಮೂರು ಮೀಟರ್ ಆಳ ಅಂತ ಇಟ್ಟುಕೊಂಡ್ರೂ 6,000 ಘನ ಮೀಟರ್ ಆಯ್ತು, ಅಂದ್ರೆ 60 ಲಕ್ಷ ಲೀಟರ್. ಬೇಸಿಗೆಯಲ್ಲಿ ಪೇಟೆಗೆ ನೀರು ತರುವ 12,000 ಲೀಟರಿನ ಟ್ಯಾಂಕರ್ ಲಾರಿ ಉಂಟಲ್ಲ, ಅಂಥದ್ದು 500 ಲಾರಿ. ಅದು ಒಟ್ಟಿಗೆ ಬ್ರೇಕ್ ಇಲ್ಲದೆ ಇಳಿದ್ರೆ ಹೇಗೆ? ಕೆಳಗೆ ಮೊದಲು ಸಿಗುವುದು ಒಂದು ಅಂಗನವಾಡಿ, ಆಮೇಲೆ ನಮ್ಮದು ಸೇರಿ ಹನ್ನೊಂದು ಮನೆ.

ಇಲ್ಲೇ ಒಂದು ಮಾತು ಹೇಳಿಬಿಡ್ತೇನೆ, ಇಲ್ಲದಿದ್ರೆ ಧನಿಗಳ ಮೇಲೆ ಹೊಟ್ಟೆಕಿಚ್ಚು ಅಂತ ಹೇಳುವವರು ಉಂಟು. ಆ ನೀರಿಂದ ನಮಗೆ ಉಪಕಾರ ಆಗಿದೆ. ಮೊದಲು ಶಿವರಾತ್ರಿ ಕಳೆಯುವಾಗ ನಮ್ಮ ಬಾವಿಯಲ್ಲಿ ಪಂಪಿನ ಫುಟ್‌ವಾಲ್ವ್ ಗಾಳಿ ಎಳೀತಿತ್ತು, ಈಗ ವಿಷು ತನಕ ನೀರುಂಟು. ಹಾಗಾಗಿ ಅದನ್ನ ಒಡೀರಿ ಅಂತ ನಾನು ಹೇಳ್ತಾ ಇಲ್ಲ. ಕೆಲವರು ಹಾಗೆ ಹೇಳ್ತಾರೆ, ಜೆಸಿಬಿ ತಂದು ಒಂದೇ ದಿವಸದಲ್ಲಿ ಖಾಲಿ ಮಾಡಿಸುವಾ ಅಂತ, ಅದು ಇನ್ನೊಂದು ಮರುಳು. ತುಂಬ ಸಮಯ ನೀರು ಕುಡಿದು ನಿಂತ ದಂಡೆ ಎದುರಿಂದ ನೀರನ್ನ ಒಮ್ಮೆಲೆ ಇಳಿಸಿದ್ರೆ, ಒಳಗಿನ ಒದ್ದೆ ಮಣ್ಣಿಗೆ ಎದುರಿನ ಆನಿಕೆ ತಪ್ಪಿ ಒಳಮೈ ಜಾರಿ ಬೀಳ್ತದೆ. ಇಳಿಸುವುದಾದ್ರೂ ನಿಧಾನಕ್ಕೆ ಇಳಿಸಬೇಕು.

ಈಗ ಬಾಟ್ಲಿ ವಿಷಯ. ದಂಡೆಯ ಹೊರಬದಿ ಬುಡದಲ್ಲಿ, ನೀರು ಬಿಡುವ ಪೈಪು ಹೊರಗೆ ಬರುವ ಜಾಗದಿಂದ ಎರಡು ಮಾರು ಆಚೆ ಒಂದು ಒಸರು ಉಂಟು. ಒಸರು ಇದ್ದ ಕೂಡಲೇ ಬೊಬ್ಬೆ ಹಾಕುವವ ನಾನಲ್ಲ, ಮಣ್ಣಿನ ಕಟ್ಟೆ ಅಂದ್ಮೇಲೆ ಸ್ವಲ್ಪ ಬೆವರಿಯೇ ಬೆವರ್ತದೆ. ನೋಡಬೇಕಾದ್ದು ಅದರ ಬಣ್ಣ. ತಿಳಿ ನೀರು ಬಂದ್ರೆ ಬರೀ ನೀರು ಹೋಗ್ತಾ ಉಂಟು ಅಂತ, ಕೆಂಪು ನೀರು ಬಂದ್ರೆ ದಂಡೆಯೇ ಒಳಗಿಂದ ಕರಗಿ ಹೊರಗೆ ಬರ್ತಾ ಉಂಟು ಅಂತ. ಮಳೆಗಾಲದಲ್ಲಿ ಎಲ್ಲ ಕಡೆ ನೀರು ಕೆಂಪೇ, ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಒಸರಿನ ಬಾಯಿಗೆ ಅಡಿಕೆ ಹಾಳೆಯ ಒಂದು ತುಂಡು ದೋಣಿ ಮಾಡಿ ಇಟ್ಟು, ಮಳೆ ನೀರು ಸೇರದ ಹಾಗೆ ಮೇಲಿಂದ ಕೊಡೆ ಹಿಡಿದು ಬಾಟ್ಲಿ ತುಂಬಿಸಿದೆ. ತಂದು ಕಿಟಕಿಯಲ್ಲಿಟ್ಟು ಒಂದು ರಾತ್ರಿ ಅಲುಗಾಡಿಸದೆ ಬಿಟ್ಟೆ. ಮೊದಲನೇ ಬಾಟ್ಲಿಯಲ್ಲಿ ಅಡಿಯಲ್ಲಿ ಕುಂಕುಮ ಉದುರಿದ ಹಾಗೆ ಒಂದು ಗೆರೆ, ಅಷ್ಟೇ. ಎರಡನೇದೂ ಹೆಚ್ಚುಕಮ್ಮಿ ಅದೇ. ಮೂರನೇದು ಒಂದು ವಾರ ಬಿಡದೆ ಮಳೆ ಬಂದ ಮೇಲೆ ತುಂಬಿಸಿದ್ದು, ಅಡಿಯಲ್ಲಿ ಅಕ್ಕಿಕಾಳಿನಷ್ಟು ದಪ್ಪ. ನಾಲ್ಕನೇದರಲ್ಲಿ ಒಂದು ಕಿರುಬೆರಳು ಅಡ್ಡ ಇಟ್ಟಷ್ಟು ಕೆಂಪು ಕೆಸರು, ಅದರ ಮೇಲೆ ಹಳದಿ ಹಳದಿ ನೀರು, ಅಮ್ಮ ನೋಡಿ ಇದೆಂತ ಮಾರಾಯ ಬೇಳೆಸಾರು ಅಂತ ಕೇಳಿದ್ರು.

ಆ ನಾಲ್ಕನೇ ಬಾಟ್ಲಿ ಚೀಲದಲ್ಲಿ ಹಾಕಿಕೊಂಡು ಒಂದು ಆಫೀಸಿಗೆ ಹೋದೆ. ಯಾವ ಆಫೀಸು ಅಂತ ಬೇಡ, ಪಾಪ ಅವರೇನು ಬೈದು ಕಳಿಸ್ಲಿಲ್ಲ, ಕೂರಿಸಿ ಚಾ ಕೊಟ್ರು. ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ಅಲುಗಾಡಿಸಿಯೂ ಬಿಟ್ರು, ಒಂದು ರಾತ್ರಿ ಕೂತ ಕೆಸರು ಒಂದು ಸೆಕೆಂಡಲ್ಲಿ ಕಲಡಿ ಹೋಯ್ತು. ಮತ್ತೆ ಕೇಳಿದ್ರು, ಡ್ಯಾಮ್ ಸರ್ಕಾರದ್ದಾ ಅಂತ. ಅಲ್ಲ ಅಂದೆ. ಹಾಗಾದ್ರೆ ನಮ್ಮ ಲಿಸ್ಟಿನಲ್ಲಿ ಬರುವುದಿಲ್ಲ ಅಂದ್ರು. ಇನ್ನೊಂದು ಆಫೀಸಲ್ಲಿ, ಜಾಗ ಅವರ ಸ್ವಂತದ್ದು, ಸ್ವಂತ ಜಾಗದಲ್ಲಿ ಕೆರೆ ಮಾಡಿದ್ರೆ ನಾವು ಬೇಡ ಅನ್ನಲಿಕ್ಕೆ ಆಗ್ತದಾ ಅಂತ ನನ್ನನ್ನೇ ಕೇಳಿದ್ರು. ಮೂರನೇ ಕಡೆ ಹೇಳಿದ್ದು, ಒಡೆದ್ರೆ ಕೂಡಲೇ ಫೋನ್ ಮಾಡಿ ಅಂತ. ಕುಶಾಲಿಗಲ್ಲ, ನಂಬರನ್ನೂ ಬರೆದು ಕೊಟ್ಟಿದ್ದಾರೆ.

ಸರಿ, ಲಿಸ್ಟಿನಲ್ಲಿ ಯಾಕೆ ಬರುವುದಿಲ್ಲ ಅಂತ ವಕೀಲಿಕೆ ಮಾಡುವ ಅಳಿಯನ ಹತ್ರ ಕೇಳಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅಂತ ಒಂದು ಉಂಟು, ಆ ವರ್ಷ ಡಿಸೆಂಬರ್ 30ಕ್ಕೆ ಜಾರಿಗೆ ಬಂದದ್ದು. ಒಳ್ಳೆ ಕಾಯ್ದೆಯೇ, ನಾನು ಬೈಲಿಕ್ಕಿಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲ ಕಳೆದು ಒಮ್ಮೆ ತಪಾಸಣೆ ಮಾಡಬೇಕು, ಒಡೆದ್ರೆ ಎಂತ ಮಾಡುವುದು ಅಂತ ಮೊದಲೇ ಪ್ಲಾನ್ ಬರೆದಿಡಬೇಕು, ಮಾಲೀಕ ಸರ್ಕಾರ ಆಗ್ಲಿ ಖಾಸಗಿ ಆಗ್ಲಿ ಜವಾಬ್ದಾರಿ ಅವನದ್ದೇ, ಎಲ್ಲ ಅದರಲ್ಲಿ ಉಂಟು. ಆದ್ರೆ ಅದು ಹಿಡಿಯುವುದು 15 ಮೀಟರಿಗಿಂತ ಎತ್ತರದ್ದನ್ನ. 10ರಿಂದ 15 ಮೀಟರ್ ಒಳಗಿನದ್ದಾದ್ರೆ ಮತ್ತೆ ಷರತ್ತು: ಉದ್ದ 500 ಮೀಟರ್ ಆದ್ರೂ ಇರಬೇಕು, ಇಲ್ಲಾ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಇಲ್ಲಾ ಪಾಯದಲ್ಲಿ ವಿಶೇಷ ತೊಂದರೆ ಇರಬೇಕು, ಹೀಗೆ ಒಂದೆರಡು ಉಂಟು. 10 ಮೀಟರ್ ಅಂದ್ರೆ 33 ಅಡಿ. ನಮ್ಮದು 27. ಆರಡಿ ಕಮ್ಮಿ ಬಿತ್ತು, ಹಾಗಾಗಿ ಡ್ಯಾಮೇ ಅಲ್ಲ. ನೀರಿನ ಲೆಕ್ಕದಲ್ಲಿ ನೋಡಿದ್ರೆ ಇಂಥದ್ದು 167 ಸೇರಿದ್ರೆ ಕಾನೂನಿನ ಒಂದು ಡ್ಯಾಮ್ ಆಗ್ತದೆ. ಇಂಗ್ಲೆಂಡಿನಲ್ಲಿ ಎತ್ತರ ನೋಡುವುದಿಲ್ಲವಂತೆ, ನೆಲಮಟ್ಟಕ್ಕಿಂತ ಮೇಲೆ 25,000 ಘನ ಮೀಟರ್ ನೀರು ನಿಂತ್ರೆ ಕಾನೂನಿನೊಳಗೆ, ಪಕ್ಕದ ವೇಲ್ಸಿನಲ್ಲಿ 10,000 ಆದ್ರೆ ಸಾಕು. ನಮ್ಮದು ಅಲ್ಲಿಯೂ ಹೊರಗೇ, ಅದು ಬೇರೆ ಮಾತು. ಈ ಕಾನೂನುಗಳಲ್ಲಿ ಅಳತೆಯ ಟೇಪು ಮೊದಲು ಹಿಡಿಯುವುದು ಕಟ್ಟೆಗೆ, ಕೆಳಗೆ ಯಾರು ಮಲಗ್ತಾರೆ ಅಂತ ಅಳೆಯಲಿಕ್ಕೆ ಟೇಪು ಬೇಡವಾ ಅಂತ ನನ್ನ ಪ್ರಶ್ನೆ.

ಸಣ್ಣ ಡ್ಯಾಮು ಎಂತ ಮಾಡ್ತದೆ ಅಂತ ಕೇಳುವವರಿಗೆ: 2019 ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ ಒಡೆದದ್ದು ಮಣ್ಣಿನ ಡ್ಯಾಮೇ, ನಮ್ಮದರ ಹಾಗೆ ಖಾಸಗಿ ಅಲ್ಲ, ಸರ್ಕಾರದ್ದೇ, ನಮ್ಮದಕ್ಕಿಂತ ದೊಡ್ಡದು, ಆದ್ರೆ ದೇಶದ ಲೆಕ್ಕದಲ್ಲಿ ಸಣ್ಣದು. ಸೋರ್ತಾ ಉಂಟು ಅಂತ ಊರವರು ಮೊದಲೇ ದೂರು ಕೊಟ್ಟಿದ್ರು. ಇಪ್ಪತ್ತರ ಹತ್ತಿರ ಜನ ಹೋದ್ರು. ಆಮೇಲೆ ಅಲ್ಲಿನ ಒಬ್ಬ ಮಂತ್ರಿ ಏಡಿಗಳು ಕೊರೆದು ಡ್ಯಾಮ್ ಒಡೆಯಿತು ಅಂತ ಹೇಳಿ ದೇಶ ಇಡೀ ನಗೆಪಾಟಲಾದ್ರು. ನಾನೂ ನಕ್ಕಿದ್ದೆ, ಈಗ ನಗು ಬರುವುದಿಲ್ಲ, ಯಾಕೆಂದ್ರೆ ಏಡಿಯ ಬಿಲ, ನಾವು ದೆಂಜಿ ಮಾಟೆ ಅನ್ನುವುದು, ಹೆಗ್ಗಣದ ಮಾಟೆ, ಮುಳ್ಳುಹಂದಿ ಮಾಟೆ, ಸತ್ತ ಮರದ ಬೇರು ಕೊಳೆತ ದಾರಿ, ಇದೆಲ್ಲ ಮಣ್ಣಿನ ದಂಡೆಗೆ ನಿಜವಾಗಿಯೂ ಅಪಾಯವೇ. ನಗು ಬರಬೇಕಾದ್ದು ಬೇರೆ ವಿಷಯಕ್ಕೆ, ಏಡಿ ಮಾಟೆ ತೋಡುವಾಗ ನೋಡಬೇಕಾದವರು ಎಲ್ಲಿದ್ರು ಅಂತ. ಇನ್ನು ಖಾಸಗಿಯದ್ದೇ ಬೇಕಾದ್ರೆ ಕೀನ್ಯಾದ ಸೋಲಾಯ್ ಉಂಟು, 2018 ಮೇ 9ರ ರಾತ್ರಿ ಒಂದು ಎಸ್ಟೇಟಿನ ಮಣ್ಣಿನ ಡ್ಯಾಮ್ ಒಡೆದು 40ಕ್ಕಿಂತ ಹೆಚ್ಚು ಜನ ಸತ್ರು. ಅದೂ ರಾತ್ರಿಯೇ, ಇದೂ ರಾತ್ರಿಯೇ.

ನಮ್ಮ ದಂಡೆ ಕಟ್ಟಿದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ. ಒಂದು ಬೇಸಿಗೆಯಲ್ಲಿ ಹದಿನೈದು ದಿವಸ ಎರಡು ಇಟಾಚಿ ಹಗಲು ರಾತ್ರಿ ಓಡಿದ್ದು. ಅದೇ ಗುಡ್ಡೆಯನ್ನ ಕೊರೆದ ಮಣ್ಣು ತಂದು ರಾಶಿ ಹಾಕಿ ಅದರ ಮೇಲೆ ಇಟಾಚಿ ನಾಲ್ಕು ಸಲ ಹೋಗಿ ಬಂದದ್ದೇ ಗಟ್ಟಿ ಮಾಡಿದ ಲೆಕ್ಕ. ಅರ್ಧ ಅಡಿ, ಮುಕ್ಕಾಲು ಅಡಿ ಪದರ ಹಾಕುವುದು, ಹದವಾಗಿ ನೀರು ಹನಿಸುವುದು, ರೋಲರ್ ಬಿಡುವುದು, ಮತ್ತೆ ಇನ್ನೊಂದು ಪದರ, ಅದೆಲ್ಲ ಇಲ್ಲ. ತಳದಲ್ಲಿದ್ದ ಎರಡು ಮರದ ಬುಡವನ್ನೂ ಹಾಗೇ ಮುಚ್ಚಿದ್ದಾರೆ. ಗುಡ್ಡೆ ಎಂಥದ್ದು? ಮೇಲೆ ಮುರಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು. ಶೇಡಿ ಅಂದ್ರೆ ಈ ಕಡೆ ಬಾವಿ ತೋಡಿಸಿದ ಎಲ್ಲರಿಗೂ ಗೊತ್ತುಂಟು, ಒಣಗಿದಾಗ ಪಿಕ್ಕಾಸು ಹಾರ್ತದೆ, ನೀರು ಕುಡಿದ್ರೆ ಗಂಜಿ. ಮಂಗಳೂರು ಕಡೆ ಗುಡ್ಡೆ ಕಡಿದ ಜಾಗದಲ್ಲಿ ಮಳೆಗಾಲಕ್ಕೆ ಜರಿಯುವುದು ಹೆಚ್ಚಾಗಿ ಇದೇ ಮಣ್ಣಿಂದ.

ಆ ಒಸರು ಒಳಗೆ ಎಂತ ಮಾಡ್ತಾ ಉಂಟು ಅಂತ ನಮಗೆ ಹೇಳಿಕೊಡಲಿಕ್ಕೆ ಇಂಜಿನಿಯರ್ ಬೇಕಾಗಿಲ್ಲ, ನಾವು ಸುರಂಗದ ಊರಿನವರು. ಬಾಯಾರಿನ ಕಡೆ ಸುರಂಗ ತೋಡುವವರು ಗುಡ್ಡೆಯ ಹೊರಗಿಂದ ಶುರು ಮಾಡಿ ನೀರು ಎಲ್ಲಿ ಉಂಟೋ ಅಲ್ಲಿಗೆ ಕೊರೀತಾ ಹೋಗುವುದಲ್ಲವಾ, ದಂಡೆಯ ಒಳಗೆ ಒಸರು ಕೂಡ ಹಾಗೆಯೇ. ಹೊರಗಿನ ಬಾಯಿಯಿಂದ ಒಂದೊಂದೇ ಕಣ ಮಣ್ಣು ಹೊರಗೆ ಹಾಕ್ತಾ ಹಾಕ್ತಾ ಹಿಂದಕ್ಕೆ, ಕೆರೆಯ ಕಡೆಗೆ ಹೋಗ್ತದೆ. ಕೆರೆಯ ನೀರು ಸಿಗುವ ತನಕ ಮೇಲಿಂದ ನೋಡುವವರಿಗೆ ಎಂತದ್ದೂ ಕಾಣುವುದಿಲ್ಲ, ದಂಡೆ ಮೇಲೆ ಹುಲ್ಲು ಚಂದ ಬೆಳೆದಿರ್ತದೆ, ಫೋಟೋ ತೆಗೀಬಹುದು. ಸಿಕ್ಕಿದ ಮೇಲೆ ಗಂಟೆಗಳ ಲೆಕ್ಕ. ಮಣ್ಣು ಗಟ್ಟಿ ಮಾಡದೆ ಪೈಪು ಹಾಕಿದಲ್ಲಿ ಇದು ಬೇಗ ಆಗ್ತದೆ, ಪೈಪಿನ ಹೊರಮೈಯೇ ನೀರಿಗೆ ದಾರಿ.

ಕೋಡಿಯ, ಅಂದ್ರೆ ಹೆಚ್ಚಾದ ನೀರು ಹೊರಗೆ ಹೋಗುವ ದಾರಿಯ ಕಥೆ ಇದಕ್ಕಿಂತ ಹೆಚ್ಚು. ಘಟ್ಟದ ಮೇಲಿನವರಿಗೆ ಕೆರೆ ಅಂದ್ರೆ ಏರಿ, ತೂಬು, ಕೋಡಿ, ಮೂರೂ ಸೇರಿದ್ರೆ ಕೆರೆ. ಕೋಡಿ ಬಿತ್ತು ಅಂದ್ರೆ ಬಾಗಿನ ಕೊಡ್ಲಿಕ್ಕೆ ಹೋಗ್ತಾರೆ, ಅಷ್ಟು ಸಂತೋಷದ ವಿಷಯ. ನಮ್ಮ ಧನಿಗಳ ಡ್ಯಾಮಿಗೆ ಕೋಡಿ ಅಂತ ಇರುವುದು ಎಂಟಿಂಚಿನ ಒಂದು ಪಿವಿಸಿ ಪೈಪು, ಅದರ ಬಾಯಿಗೆ ಮೀನು ಹೋಗಬಾರದು ಅಂತ ಬಲೆ ಬೇರೆ. ಲೆಕ್ಕ ಹಾಕಿ ನೋಡುವಾ. ಆ ಇಕ್ಕಟ್ಟಿಗೆ ನೀರು ಇಳಿದು ಬರುವ ಜಾಗ ಹತ್ತು ಎಕರೆ ಅಂತ ಹಿಡೀರಿ. ಒಂದು ಗಂಟೆಯಲ್ಲಿ 100 ಮಿಲಿಮೀಟರ್ ಮಳೆ ಬಂದ್ರೆ 40 ಲಕ್ಷ ಲೀಟರ್ ಆಯ್ತು. ಅರ್ಧ ಗುಡ್ಡೆಯೇ ಕುಡೀತು ಅಂದ್ರೂ ಸೆಕೆಂಡಿಗೆ 550 ಲೀಟರ್ ಕೆರೆಗೆ ಬಂತು. ಎಂಟಿಂಚಿನ ಪೈಪಿನಲ್ಲಿ ಬಲೆ ಇಲ್ಲದಿದ್ರೂ ಸೆಕೆಂಡಿಗೆ 100 ಲೀಟರ್ ಹೋದ್ರೆ ದೊಡ್ಡದು. ಉಳಿದದ್ದು ಎಲ್ಲಿಗೆ ಹೋಗಬೇಕು? ದಂಡೆ ಮೇಲಿಂದಲೇ. ಕಾಂಕ್ರೀಟು ಡ್ಯಾಮಿನ ಮೇಲಿಂದ ನೀರು ಹಾರಿದ್ರೆ ನೋಡ್ಲಿಕ್ಕೆ ಕಾರು ಮಾಡಿಕೊಂಡು ಹೋಗ್ತಾರೆ, ಮಣ್ಣಿನದ್ದರ ಮೇಲಿಂದ ಒಂದು ಗೇಣು ನೀರು ಸ್ವಲ್ಪ ಹೊತ್ತು ಹಾರಿದ್ರೆ ಹೊರಮೈಯನ್ನ ಕೆರೆದುಕೊಂಡೇ ಇಳೀತದೆ. ವರ್ಷಕ್ಕೆ ಮೂರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು, ಅದರಲ್ಲೂ ಈಗ ಬರುವ ಮಳೆಗೆ ಕ್ರಮ ಅಂತ ಇಲ್ಲ, ಹದಿನೈದು ದಿವಸದ್ದು ಒಂದು ರಾತ್ರಿಯಲ್ಲಿ ಸುರೀತದೆ. ಅಮೆರಿಕದ ಹವಾಯಿಯಲ್ಲಿ ಕಾಲೋಕೋ ಅಂತ ಒಂದು ಖಾಸಗಿ ಮಣ್ಣಿನ ಡ್ಯಾಮ್ 2006 ಮಾರ್ಚ್ 14ಕ್ಕೆ ಒಡೆದು ಏಳು ಜನ ಹೋದ್ರು, ತನಿಖೆಯಲ್ಲಿ ದೊಡ್ಡ ಚರ್ಚೆ ಆದದ್ದು ಕೋಡಿ ಮುಚ್ಚಿ ಹೋದ ವಿಷಯವೇ. ಅಷ್ಟು ದುಡ್ಡಿನ ದೇಶದಲ್ಲಿ!

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಅಂತ ಕಾಣ್ತದೆ. ಏತಡ್ಕದ ಕಡೆ ಈಗಲೂ ತೋಡಿಗೆ ಕಟ್ಟ ಕಟ್ತಾರೆ, ಮಳೆ ನಿಂತ ಮೇಲೆ ಕಲ್ಲು ಮಣ್ಣು ಹಾಕಿ, ಈಗೀಗ ಪ್ಲಾಸ್ಟಿಕ್ ಶೀಟು ಹಾಕಿ ಕಟ್ಟುವುದು, ಮಳೆ ಬರುವಾಗ ಅದು ಹೋಗುವುದೇ, ಹೋಗಬೇಕು ಅಂತಲೇ ಕಟ್ಟುವುದು. ನಮ್ಮ ಅಜ್ಜನ ಕಾಲದಲ್ಲಿ ನಮ್ಮ ಬೈಲಿನಲ್ಲೂ ಇತ್ತು, ಮನೆಗೊಂದು ಆಳು ಬರಬೇಕು, ಬಾರದವನಿಗೆ ನೀರಿನ ಪಾಳಿ ಇಲ್ಲ. ಇಡೀ ಬೈಲಿನವರ ಕೈ ಬಿದ್ದ ಕಟ್ಟ ಆದ್ದರಿಂದ ಎಲ್ಲಿ ಸೋರ್ತದೆ ಅಂತ ಹತ್ತು ಜನಕ್ಕೆ ಗೊತ್ತಿರ್ತಿತ್ತು. ಈಗಿನ ಡ್ಯಾಮು ಮಳೆಗಾಲದಲ್ಲೂ ನಿಲ್ತದೆ, ಆದ್ರೆ ಅದನ್ನ ನೋಡುವ ಕಣ್ಣು ಒಂದೂ ಇಲ್ಲ. ಧನಿಗಳು ಇರುವುದು ದೂರದ ಪೇಟೆಯಲ್ಲಿ. ವಾಚ್‌ಮನ್ ಜಾರ್ಖಂಡಿನ ಒಬ್ಬ ಹುಡುಗ, ಒಳ್ಳೆಯವನೇ, ಅವನಿಗೆ ಕನ್ನಡ ಇಲ್ಲ, ಮಲಯಾಳ ಇಲ್ಲ, ತುಳು ಇಲ್ಲ, ನನ್ನ ಹಿಂದಿ ದೇವರಿಗೇ ಪ್ರೀತಿ. ರಾತ್ರಿ ಎರಡು ಗಂಟೆಗೆ ನೀರು ಏರಿದ್ರೆ ವಾಲ್ವ್ ತೆಗೀಬೇಕು ಅಂತ ಅವನಿಗೆ ಯಾರೂ ಹೇಳಿಲ್ಲ. ವಾಲ್ವ್ ತಿರುಗಿಸುವ ಹ್ಯಾಂಡಲ್ ಎಲ್ಲಿ ಅಂತ ಕೇಳಿದ್ದಕ್ಕೆ ಸಾಬ್ ಕೆ ಘರ್ ಮೇ ಅಂದ.

ಹಾಗಾದ್ರೆ ನಮಗೆ ಬೇಕಾದ್ದು ಎಂತ? ಹೊಸ ಕಾಯ್ದೆ ಬರ್ಲಿ ಅಂತ ಕಾಯ್ತಾ ಕೂರ್ಲಿಕ್ಕೆ ನಮಗೆ ಟೈಮಿಲ್ಲ, ಇದ್ದದ್ದರಲ್ಲೇ ದಾರಿ ಉಂಟು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಕಲೆಕ್ಟರೇ ಅಧ್ಯಕ್ಷರು, ಅಪಾಯದ ಜಾಗ ಗುರುತಿಸಿ ಮೊದಲೇ ತಡೆಯುವುದು ಅದರ ಕೆಲಸದಲ್ಲೇ ಬರ್ತದೆ, ಅಲ್ಲಿ 10 ಮೀಟರ್ 15 ಮೀಟರ್ ಅಂತ ಕಂಡೀಷನ್ ಇಲ್ಲ. ರಸ್ತೆ ಬದಿಯ ಓರೆ ಮರ ಕಡಿಸ್ಲಿಕ್ಕೆ ಆರ್‌ಡಿಒ ಆರ್ಡರ್ ಮಾಡ್ತಾರಲ್ಲ, ಕ್ರಿಮಿನಲ್ ಪ್ರಕ್ರಿಯೆಯ ಕಾನೂನಿನಲ್ಲಿ ಹಿಂದೆ ಸಿಆರ್‌ಪಿಸಿ 133 ಅಂತಿದ್ದದ್ದು ಈಗ ಬಿಎನ್‌ಎಸ್‌ಎಸ್ 152, ಅದರಲ್ಲಿ ಬೀಳುವ ಹಾಗಿರುವ ಕಟ್ಟಡದ ಮಾತೂ ಉಂಟು, ಖಾಸಗಿ ಜಾಗ ಅಂತ ಬಿಡುವುದಿಲ್ಲ. ಒಂದು ಮರದಷ್ಟು ಮರ್ಯಾದೆ 60 ಲಕ್ಷ ಲೀಟರ್ ನೀರಿಗೂ ಕೊಡಿ. ಮೊದಲು ಪಂಚಾಯತು ಪಂಚಾಯತಿಗೆ ಇಂಥ ಕಟ್ಟೆಗಳ ಒಂದು ಪಟ್ಟಿ ಆಗ್ಲಿ, ಮೊಬೈಲಿನ ಸ್ಯಾಟಲೈಟ್ ಮ್ಯಾಪಲ್ಲೇ ಅರ್ಧಕ್ಕರ್ಧ ಕಾಣ್ತದೆ, ಉಳಿದದ್ದನ್ನ ತೊಳಿಲುರಪ್ಪು (ಉದ್ಯೋಗ ಖಾತರಿ) ಕೆಲಸದ ಅಕ್ಕಂದಿರ ಹತ್ರ ಕೇಳಿದ್ರೆ ಹೇಳ್ತಾರೆ, ಅವರು ನಡೆಯದ ತೋಡಿಲ್ಲ. ಮತ್ತೆ ನೀರಾವರಿಯ ಒಬ್ಬ ಇಂಜಿನಿಯರ್ ಅರ್ಧ ದಿವಸ ಬಂದು ಕೋಡಿ, ಪೈಪು, ದಂಡೆಯ ಬುಡ, ಇಷ್ಟು ನೋಡಿ ಹೋಗ್ಲಿ. ದಂಡೆಯ ಹತ್ರ ಒಂದು ಬೋರ್ಡು, ಅದರಲ್ಲಿ ರಾತ್ರಿ ಎತ್ತುವ ಫೋನ್ ನಂಬರ್. ಹ್ಯಾಂಡಲ್ ಕೆಳಗಿನ ಯಾವುದಾದ್ರೂ ಮನೆಯಲ್ಲಿರ್ಲಿ, ನಮ್ಮಲ್ಲೇ ಇಟ್ರೂ ಸರಿ. ಖರ್ಚು ಧನಿಗಳದ್ದು, ಅದರಲ್ಲಿ ನನಗೆ ಸಂಶಯ ಇಲ್ಲ. ಅಳಿಯ ಹೇಳಿದ, ಇಂಗ್ಲೆಂಡಿನಲ್ಲಿ 1868ರಲ್ಲೇ ಒಬ್ಬ ಮಿಲ್ ಮಾಲೀಕನ ಖಾಸಗಿ ಕೆರೆಯ ನೀರು ಪಕ್ಕದವನ ಗಣಿಗೆ ನುಗ್ಗಿದ ಕೇಸಲ್ಲಿ, ತನ್ನ ಜಾಗದಲ್ಲಿ ಅಪಾಯದ್ದನ್ನ ತಂದಿಟ್ಟವನು ಅದು ಹೊರಗೆ ಹೋಗಿ ಮಾಡಿದ ನಷ್ಟಕ್ಕೆ ಉತ್ತರ ಕೊಡಬೇಕು ಅಂತ ತೀರ್ಪಾಗಿದೆ, ನಮ್ಮ ಕೋರ್ಟುಗಳಲ್ಲೂ ಅದನ್ನೇ ಓದ್ತಾರೆ ಅಂತ. ಆದ್ರೆ ಆ ತೀರ್ಪು ಉಪಯೋಗಕ್ಕೆ ಬರುವುದು ನಷ್ಟ ಆದ ಮೇಲೆ.

ಇನ್ನೊಂದು, ದಯವಿಟ್ಟು ನೋಟೀಸು ಕನ್ನಡದಲ್ಲೂ ಇರ್ಲಿ. ಮಳೆಯ ಅಲರ್ಟ್ ನನ್ನ ಮೊಬೈಲಿಗೆ ಮಲಯಾಳದಲ್ಲಿ ಬರ್ತದೆ, ನಾನು ಹೇಗಾದ್ರೂ ಓದಿಕೊಳ್ತೇನೆ, ನಮ್ಮ ಅಮ್ಮನಿಗೆ, ಕೆಳಗಿನ ಮನೆ ದೊಡ್ಡಮ್ಮನಿಗೆ ಕನ್ನಡ ಅಕ್ಷರ ಬಿಟ್ರೆ ಬೇರೆ ಗೊತ್ತಿಲ್ಲ, ಹಗಲು ಮನೆಯಲ್ಲಿ ಇರುವವರು ಅವರೇ. ಕನ್ನಡದಲ್ಲಿ ಬರೆದ್ರೆ ಕನ್ನಡದಲ್ಲೇ ಉತ್ತರ ಕೊಡಬೇಕು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಉಂಟು, ನಾನೇನು ಭಾಷೆಯ ಜಗಳಕ್ಕೆ ಬಂದವನಲ್ಲ, ಓಡು ಅಂತ ಹೇಳುವುದಾದ್ರೆ ಓಡುವವರಿಗೆ ಅರ್ಥ ಆಗಬೇಕಲ್ಲ.

ಈಗ ಶಿವರಾತ್ರಿ ಕಳೀತು. ನೀರು ಅರ್ಧಕ್ಕಿಂತ ಕೆಳಗೆ ಇಳಿದಿದೆ, ದಂಡೆಯ ಒಳಮೈ, ಪೈಪಿನ ಬಾಯಿ, ದೆಂಜಿ ಮಾಟೆ ಎಲ್ಲ ಬಿಸಿಲಿಗೆ ಕಾಣ್ತದೆ, ರಿಪೇರಿಗೆ ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ. ಪತ್ತನಾಜೆಯ ಒಳಗೆ ಆಗಬೇಕು, ಅಂದ್ರೆ ಮೇ 24ರ ಆಸುಪಾಸು. ನಮ್ಮ ಜಿಲ್ಲೆ ಹುಟ್ಟಿದ್ದೂ 1984ರ ಮೇ 24ಕ್ಕೇ ಅಲ್ವಾ, ನೆನಪಿಟ್ಟುಕೊಳ್ಳಲಿಕ್ಕೆ ನಿಮಗೂ ಸುಲಭ. ಪತ್ತನಾಜೆಗೆ ಯಕ್ಷಗಾನ ಆಟದ ಮೇಳಗಳು ಗೆಜ್ಜೆ ಬಿಚ್ತವೆ, ಕೋಲ ನಿಲ್ತದೆ, ಆಮೇಲೆ ಮಳೆಯದ್ದೇ ಆಟ.

ಬರುವ ಮುಂಚೆ ಒಂದು ಫೋನ್ ಮಾಡಿ, ನಂಬರ್ ಅರ್ಜಿಯಲ್ಲಿ ಉಂಟು. ಜೀಪು ಅಂಗನವಾಡಿ ತನಕ ಬರ್ತದೆ, ಅಲ್ಲಿಂದ ಮೇಲೆ ನಡೀಬೇಕು, ಇಪ್ಪತ್ತು ನಿಮಿಷ. ಊಟ ನಮ್ಮಲ್ಲೇ. ಬಾಟ್ಲಿ ನಾಲ್ಕೂ ಕಿಟಕಿಯಲ್ಲೇ ಉಂಟು, ತಾರೀಕು ಬರೆದು ಚೀಟಿ ಅಂಟಿಸಿದ್ದೇನೆ. ದಯವಿಟ್ಟು ಈ ಸಲ ಅಲುಗಾಡಿಸಬೇಡಿ.

ಇತಿ,
ಕೆಳಗಿನ ಬೈಲಿನ ಒಬ್ಬ ಅಡಿಕೆ ಕೃಷಿಕ